ಕ್ಯಾಪ್ಟನ್ ಹೊರಗೆ ಕುಳಿತ ಮೂರು ದಿನ

2010ರಲ್ಲಿ ನಾನು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಕ್ಯಾಪ್ಟನ್ ಆಗಿದ್ದೆ. ಪಂಜಾಬಿನ ಒಂದು ಸೇನಾ ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ಹೊಣೆ ನನ್ನದು. ನಮ್ಮ ಸುರಪುರದ ಕಡೆ ಮಿಲಿಟರಿ ಎಂದರೆ ಬಂದೂಕು, ನರ್ಸ್ ಎಂದರೆ ಸೂಜಿ. ಎರಡೂ ಒಂದೇ ಹೆಂಗಸಿನಲ್ಲಿ ಇರಬಹುದು, ಅವಳ ಭುಜದ ಮೇಲೆ ಮೂರು ನಕ್ಷತ್ರ ಇರಬಹುದು ಎಂದು ನಂಬಿಸಲು ನಾನು ಸಮವಸ್ತ್ರದ ಫೋಟೊ ಪರ್ಸಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೆ. ಫೋಟೊ ನೋಡಿದ ಮೇಲೂ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು, "ನಾಟಕದಾಗ ಪಾರ್ಟ್ ಮಾಡ್ತೀಯೇನವ್ವ?" ಎಂದು ಕೇಳಿದ್ದುಂಟು.

ನನ್ನ ತವರು ದೇವಾಪುರ. ಅಪ್ಪ ಅಲ್ಲಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಮದುವೆಯಾಗಿ ಸೇರಿದ್ದು ಹುಣಸಗಿ. ಗಂಡ ದೇವಿಂದ್ರ ಕಾಲುವೆಯ ಮೇಲೆ ಗೇಜ್ ರೀಡರ್. ಗೇಜ್ ರೀಡರ್ ಎಂದರೆ ಕಾಲುವೆಯ ಗೋಡೆಗೆ ಬರೆದಿರುವ ಅಳತೆಯ ಪಟ್ಟಿ ನೋಡಿ, ನೀರು ಎಷ್ಟು ಏರಿದೆ ಎಷ್ಟು ಇಳಿದಿದೆ ಎಂದು ಮೇಲಿನ ಸಾಹೇಬರಿಗೆ ಫೋನ್ ಮಾಡಿ ತಿಳಿಸುವವನು. ನೀರು ಯಾಕೆ ಏರಿತು, ಯಾಕೆ ಇಳಿಯಿತು ಎಂದು ವಿಚಾರ ಮಾಡುವುದು ಅವನ ಕೆಲಸವಲ್ಲ. ಕಂಡದ್ದನ್ನು ಕಂಡ ಕೂಡಲೇ ತಿಳಿಸಿದರೆ ಒಳ್ಳೆಯ ಗೇಜ್ ರೀಡರ್. ನನ್ನ ಗಂಡ ಬಹಳ ಒಳ್ಳೆಯ ಗೇಜ್ ರೀಡರ್. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ನನ್ನದು ಆಗ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಕೆಲವೇ ವರ್ಷಗಳ ಅವಧಿಯ ನೇಮಕ. ಅದು ಮರುವರ್ಷ ಮುಗಿಯುವುದಿತ್ತು. ಅಷ್ಟರೊಳಗೆ ಆಯ್ಕೆ ಮಂಡಳಿಯ ಮುಂದೆ ನನ್ನ ಹೆಸರು ಹೋಗಿ ಪರ್ಮನೆಂಟ್ ಕಮಿಷನ್ ಸಿಕ್ಕರೆ ನಿವೃತ್ತಿಯ ತನಕ ಸೈನ್ಯದಲ್ಲಿ ಇರಬಹುದಿತ್ತು. ಸಿಗದಿದ್ದರೆ ಸಮವಸ್ತ್ರ ಮಡಿಚಿಟ್ಟು ಮನೆಗೆ. ಮಂಡಳಿ ಕೂಡುವುದು ಸೆಪ್ಟೆಂಬರಿನಲ್ಲಿ ಎಂದು ಗೊತ್ತಾಗಿತ್ತು. ವಾರ್ಡಿನ ಕೆಲಸದ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ನನ್ನ ಮೈಯ ಬಗ್ಗೆ.

ಸೈನ್ಯದಲ್ಲಿ ಪ್ರತಿಯೊಬ್ಬರ ಆರೋಗ್ಯಕ್ಕೂ ಒಂದು ದರ್ಜೆ ಇರುತ್ತದೆ. ಅದಕ್ಕೆ ಶೇಪ್ ಎನ್ನುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಹೀಗೆ ಐದನ್ನೂ ಬೇರೆಬೇರೆ ನೋಡಿ, ಐದರಲ್ಲೂ ನೆಟ್ಟಗಿದ್ದರೆ ಶೇಪ್ ಒನ್. ಎತ್ತರಕ್ಕೆ ತಕ್ಕ ತೂಕವೂ ಅದರೊಳಗೇ ಬರುತ್ತದೆ. ನನ್ನ ಹೆಸರು ಮಂಡಳಿಗೆ ಹೋಗಬೇಕಾದರೆ ನಾನು ಶೇಪ್ ಒನ್ ಇರಬೇಕಾಗಿತ್ತು. ಹಿಂದಿನ ವರ್ಷದ ತಪಾಸಣೆಯಲ್ಲಿ ನನ್ನ ತೂಕ ಗೆರೆಯ ಮೇಲೇ ನಿಂತಿತ್ತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ಮುಂದಿನ ಸಲ ಹೀಗಾದರೆ ಬಿಡುವುದಿಲ್ಲ ಎಂದು ಹೇಳಿ ಬಿಟ್ಟಿದ್ದರು.

ನನಗಿದ್ದದ್ದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಚಿಕ್ಕದಾಗಿ ಪಿಸಿಓಎಸ್. ಅಂಡಾಶಯದಲ್ಲಿ ಅಂಡಗಳು ಪೂರ್ತಿ ಬಲಿಯದೆ ಸಣ್ಣ ಗುಳ್ಳೆಗಳಾಗಿ ಅಲ್ಲೇ ಉಳಿಯುತ್ತವೆ. ಹಾರ್ಮೋನು ಏರುಪೇರಾಗಿ ಮುಟ್ಟು ತಿಂಗಳುಗಟ್ಟಲೆ ಬರುವುದಿಲ್ಲ. ಬಂದರೆ ಬೇಗ ನಿಲ್ಲುವುದಿಲ್ಲ. ಗದ್ದದ ಮೇಲೆ ಕೂದಲು ಬರುತ್ತದೆ, ತಲೆಯ ಮೇಲಿನದು ಉದುರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆಯವರು ಉಂಡಷ್ಟೇ ಉಂಡು ಬೇರೆಯವರು ಓಡಿದಷ್ಟೇ ಓಡಿದರೂ ತೂಕ ಮಾತ್ರ ನಮಗೇ ಅಂಟುತ್ತದೆ. ಯಾರೂ ಪರೀಕ್ಷೆ ಮಾಡಿ ಹೇಳಿರಲಿಲ್ಲ, ಆದರೆ ನರ್ಸ್ ಆದವಳಿಗೆ ಗೊತ್ತಾಗದೆ ಇರುತ್ತದೆಯೇ? ಮೆಸ್ಸಿನಲ್ಲಿ ನನ್ನ ತಟ್ಟೆ ನೋಡಿ ನಗುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಇದಕ್ಕೆ ಪೂರ್ತಿ ವಾಸಿಯಾಗುವ ಮದ್ದಿಲ್ಲ. ಮಾತ್ರೆ ಇದೆ, ಓಟ ಇದೆ, ಬಾಯಿಕಟ್ಟು ಇದೆ. ಮಾತ್ರೆ ನುಂಗಿದರೆ ಮುಟ್ಟು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಈಗ ತೋರಿಸಿದರೆ ದರ್ಜೆ ಇಳಿಯುತ್ತದೆ, ಮಂಡಳಿ ಮುಗಿಯುವ ತನಕ ಓಡಿ ತೂಕ ಇಳಿಸೋಣ, ಆಮೇಲೆ ಸರಿಯಾಗಿ ತೋರಿಸೋಣ ಎಂದು ನಾನು ಲೆಕ್ಕ ಹಾಕಿದ್ದೆ.

ಆ ವರ್ಷದ ಎರಡು ತಿಂಗಳ ವಾರ್ಷಿಕ ರಜೆಯನ್ನು ಮಾರ್ಚಿನಲ್ಲಿ ತೆಗೆದುಕೊಂಡು ಹುಣಸಗಿಗೆ ಬಂದೆ. ನಸುಕಿನಲ್ಲಿ ಕಾಲುವೆಯ ದಂಡೆಯ ರಸ್ತೆಯ ಮೇಲೆ ಓಡಲು ಶುರು ಮಾಡಿದೆ. ಟ್ರ್ಯಾಕ್ ಸೂಟ್ ಹಾಕಿ, ಬೂಟು ಕಟ್ಟಿ, ಒಂದು ತೂಬಿನಿಂದ ಮುಂದಿನ ತೂಬಿನ ತನಕ. ಭತ್ತಕ್ಕೆ ನೀರು ಹಾಯಿಸಲು ಬಂದವರು ಸಲಿಕೆ ಊರಿ ನಿಂತು ನೋಡುತ್ತಿದ್ದರು. ಯಾರೂ ಬೆನ್ನಟ್ಟದೆ ಹೆಂಗಸೊಬ್ಬಳು ಓಡುವುದನ್ನು ಅವರು ಅದೇ ಮೊದಲ ಸಲ ನೋಡಿದ್ದಿರಬೇಕು.

ನನ್ನ ಅತ್ತೆ ಯಂಕಮ್ಮ ಮೊದಲ ತಿಂಗಳು ಏನೂ ಅನ್ನಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹೊಲ ನೋಡಿಕೊಂಡು ಮಗನನ್ನು ಓದಿಸಿದ ಹೆಂಗಸು. ಮಾತು ಕಡಿಮೆ, ಕಣ್ಣು ಬಹಳ. ಎರಡನೇ ತಿಂಗಳು ಒಂದು ದಿನ ನನ್ನ ಬೂಟುಗಳು ಕಾಣೆಯಾದವು. ನಾಯಿ ಒಯ್ದಿರಬೇಕು ಎಂದಳು. ಸುರಪುರಕ್ಕೆ ಹೋಗಿ ಬೇರೆ ತರುತ್ತೇನೆ ಎಂದರೆ, ಬಿಸಿಲಿನಲ್ಲಿ ಬಸ್ಸು ಹತ್ತಬೇಡ ಎಂದು ತಡೆದಳು. ನನ್ನ ತಾಟಿಗೆ ತುಪ್ಪ ಎರಡು ಚಮಚ ಹೆಚ್ಚು ಬೀಳತೊಡಗಿತು. ಶೇಂಗಾ ಹೋಳಿಗೆ ಆಯಿತು, ಅಂಟಿನುಂಡೆ ಆಯಿತು. ಬೇಡ ಎಂದರೆ ಮುಖ ಬಾಡುತ್ತಿತ್ತು. ರಜೆಗೆ ಬಂದ ಫೌಜಿಗೆ ಎಲ್ಲರ ಮನೆಯಲ್ಲೂ ಹೀಗೇ ತಿನ್ನಿಸುತ್ತಾರೆ ಎಂದುಕೊಂಡು ತಿಂದೆ.

ಅತ್ತೆ ಏನು ತಿಳಿದುಕೊಂಡಿದ್ದಳು ಎನ್ನುವುದಕ್ಕೆ ಆ ಮನೆಯ ಪದ್ಧತಿ ಹೇಳಬೇಕು. ಅಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಹೊರಗೆ ಕೂರಬೇಕು. ಪಡಸಾಲೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು, ಬೇರೆ ತಾಟು, ಬೇರೆ ಚೆಂಬು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ನರ್ಸಾಗಿ ನನಗೆ ಇದರ ಮೇಲೆ ಹೇಳಲಾರದಷ್ಟು ಸಿಟ್ಟಿದೆ, ಅದು ಬೇರೆ ಮಾತು. ಇಲ್ಲಿ ಮುಖ್ಯವಾದದ್ದೇನೆಂದರೆ, ಆ ಮನೆಯಲ್ಲಿ ಮುಟ್ಟಿನ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ತಟ್ಟು ಬಿದ್ದರೆ ಎಲ್ಲರಿಗೂ ತಿಳಿಯಿತು. ಬೀಳದಿದ್ದರೆ ಅದೂ ತಿಳಿಯಿತು. ನಾನು ಎರಡು ತಿಂಗಳು ಆ ಮನೆಯಲ್ಲಿದ್ದೆ. ಒಮ್ಮೆಯೂ ತಟ್ಟು ಹಾಸಲಿಲ್ಲ. ಮುಟ್ಟು ಆಗಲೇ ಇಲ್ಲ, ಹಾಸುವುದೆಲ್ಲಿಂದ? ಆ ಮೂಲೆಯ ಕಾಟ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಯಾಗಿದ್ದೆ ಕೂಡ.

ಗಂಡನಿಗೆ ಒಂದು ಸಲ ಹೇಳಿದ್ದೆ. ಕಾಲುವೆಯ ದಂಡೆಯ ಮೇಲೆ ಕೂತಿದ್ದಾಗ, ನನಗೆ ತಿಂಗಳು ತಿಂಗಳು ಸರಿಯಾಗಿ ಆಗುವುದಿಲ್ಲ, ಇದೊಂದು ತೊಂದರೆ ಇದೆ ಎಂದೆ. ಅವನು ನೀರಿನ ಕಡೆ ನೋಡುತ್ತಾ, "ಇವತ್ತ ಬರ್ಲಿಲ್ಲ ಅಂದ್ರ ನಾಳಿ ಬರ್ತದ ಬಿಡು" ಎಂದ. ನನ್ನ ಮೇಲಿನ ಪ್ರೀತಿಯಿಂದಲೇ ಅಂದ ಮಾತು. ನೀರು ಮುಟ್ಟದ ಕಾಲುವೆಯ ಕೊನೆಯ ಹೊಲದವರಿಗೂ ಅವನು ದಿನಾ ಅದನ್ನೇ ಹೇಳುತ್ತಿದ್ದ.

ಮೇ ತಿಂಗಳಲ್ಲಿ ಪಂಜಾಬಿಗೆ ಮರಳಿದೆ. ತೂಕ ಇಳಿಯುವ ಬದಲು ಏರಿತ್ತು. ಹೊಸ ಬೂಟು ಕೊಂಡು ಪರೇಡ್ ಮೈದಾನದ ಸುತ್ತ ಓಡಿದೆ, ರೊಟ್ಟಿ ಬಿಟ್ಟೆ, ಅನ್ನ ಬಿಟ್ಟೆ. ಜುಲೈ ಹೊತ್ತಿಗೆ ತೂಕದ ಮುಳ್ಳು ಸ್ವಲ್ಪ ಕೆಳಗೆ ಬರತೊಡಗಿತ್ತು. ಮಂಡಳಿಗೆ ಮುಂಚಿನ ತಪಾಸಣೆ ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಗೆರೆಗೆ ಬಂದುಬಿಡುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಬರುತ್ತೇನೆ ಎಂದು ಆಗ ನಂಬಿದ್ದೆ.

ಜುಲೈ ಕೊನೆಯ ವಾರ ಮೇಟ್ರನ್ ತಮ್ಮ ಕಚೇರಿಗೆ ಕರೆಸಿದರು. ಮೇಟ್ರನ್ ಎಂದರೆ ಆಸ್ಪತ್ರೆಯ ನರ್ಸುಗಳೆಲ್ಲರ ಮೇಲಧಿಕಾರಿ. ನಗುವುದು ಅಪರೂಪ. ಆ ದಿನ ಎದ್ದು ನಿಂತು, ಮೇಜಿನ ಮೇಲಿದ್ದ ಮಿಠಾಯಿ ಡಬ್ಬಿ ನನ್ನ ಕಡೆ ಸರಿಸಿ, ನೀನೇ ಬಂದು ಹೇಳುತ್ತೀಯೆಂದು ಕಾಯಬೇಕಿತ್ತು, ಆದರೆ ನಿನ್ನ ಗಂಡನೇ ಫೋನ್ ಮಾಡಿಬಿಟ್ಟ ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ದೇವಿಂದ್ರ ಅವರಿಗೆ ತನ್ನ ಹೈದರಾಬಾದಿ ಹಿಂದಿಯಲ್ಲಿ, "ಮೇರಿ ಬೀವಿಕು ಪಾಂಚವಾ ಮಹಿನಾ ಚಲ್ರಾ ಮೇಡಂ" ಎಂದು ವರದಿ ಒಪ್ಪಿಸಿದ್ದ. ನನಗೆ ಐದನೇ ತಿಂಗಳು ನಡೆದಿದೆ, ನೈಟ್ ಡ್ಯೂಟಿ ಹಾಕಬೇಡಿ, ಊರಿನಲ್ಲಿ ಕುಬಸದ ಕಾರ್ಯ ಇಟ್ಟಿದ್ದೇವೆ, ನಾಲ್ಕು ದಿನ ರಜೆ ಕೊಡಿ ಎಂದು ಕೇಳಿಕೊಂಡಿದ್ದ.

ಕುಬಸ ನಮ್ಮ ಕಡೆಯ ಸೀಮಂತ. ಐದನೇ ತಿಂಗಳಿಗೆ ತವರಿನವರು ಹಸಿರು ಸೀರೆ, ಕುಪ್ಪಸ, ಹಸಿರು ಬಳೆ, ಹೋಳಿಗೆ ಹೊತ್ತು ತಂದು ಬಸುರಿಯ ಉಡಿ ತುಂಬುತ್ತಾರೆ. ಅದಕ್ಕೂ ಮುಂಚೆ ಸುದ್ದಿ ಬಾಯಿಬಿಡಬಾರದು, ದೃಷ್ಟಿ ತಾಕುತ್ತದೆ ಎಂದು ನಂಬಿಕೆ. ಅತ್ತೆ ಮಗನಿಗೂ ಅದನ್ನೇ ಹೇಳಿ ಬಾಯಿ ಕಟ್ಟಿದ್ದಳು. ಹೆಂಡತಿಯೂ ಅದೇ ಪದ್ಧತಿ ಪಾಲಿಸುತ್ತಿದ್ದಾಳೆ ಎಂದುಕೊಂಡು ಅವನು ವಾರಕ್ಕೆರಡು ಸಲ ಫೋನ್ ಮಾಡಿ ಮಳೆ, ಭತ್ತ, ನೀರು ಅಷ್ಟನ್ನೇ ಮಾತಾಡುತ್ತಿದ್ದ. ಐದರಲ್ಲಿ ಬಿತ್ತು ಎಂದು ಅತ್ತೆ ಹೇಳಿದ ದಿನವೇ ಫೋನ್ ಎತ್ತಿದ. ಕಂಡದ್ದನ್ನು ಕಂಡ ಕೂಡಲೇ ಮೇಲಿನವರಿಗೆ ತಿಳಿಸಿದ.

ನಾನು ಬಸುರಿ ಅಲ್ಲ ಮೇಡಂ ಎಂದೆ. ಮೇಟ್ರನ್ ನನ್ನ ಹೊಟ್ಟೆಯ ಕಡೆ ನೋಡಿದರು. ನೋಡುವಂತೆಯೇ ಇತ್ತು, ಅವರ ತಪ್ಪಲ್ಲ. ಆಗಲೇ ಅವರು ಡ್ಯೂಟಿ ಬದಲಿಸಲು ಆಡಳಿತ ವಿಭಾಗಕ್ಕೆ ತಿಳಿಸಿ ಆಗಿತ್ತು. ಒಮ್ಮೆ ಮೇಲೆ ಹೋದ ಮಾತು ಸೈನ್ಯದಲ್ಲಿ ಹಾಗೇ ಕೆಳಗೆ ಬರುವುದಿಲ್ಲ. ಬಸುರಿ ಹೌದಾದರೆ ಹೌದೆಂದು, ಅಲ್ಲವಾದರೆ ಅಲ್ಲವೆಂದು ಡಾಕ್ಟರು ಬರೆಯಬೇಕು. ಮರುದಿನವೇ ನನ್ನನ್ನು ಸ್ತ್ರೀರೋಗ ವಿಭಾಗಕ್ಕೆ ಕಳಿಸಿದರು.

ಎಷ್ಟೋ ಹೆಂಗಸರನ್ನು ನಾನೇ ಮಲಗಿಸಿದ್ದ ಮೇಜಿನ ಮೇಲೆ ಮಲಗಿದೆ. ನೋಡಿದ ಡಾಕ್ಟರು ಒಬ್ಬ ಲೇಡಿ ಲೆಫ್ಟಿನೆಂಟ್ ಕರ್ನಲ್, ಕೆಲಸದಲ್ಲಿ ಗಟ್ಟಿಗಿತ್ತಿ. ಸ್ಕ್ಯಾನಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಗರ್ಭಕೋಶ ಖಾಲಿ. ಎರಡೂ ಅಂಡಾಶಯಗಳ ಅಂಚಿಗೆ ಕಪ್ಪು ಗುಳ್ಳೆಗಳು ಸಾಲಾಗಿ ಕೂತಿದ್ದವು. ಪಠ್ಯಪುಸ್ತಕದಲ್ಲಿ ಇದಕ್ಕೆ ಮುತ್ತಿನ ಸರ ಎನ್ನುತ್ತಾರೆ. ಯಾರು ಇಟ್ಟ ಹೆಸರೋ, ಅವರ ಕೊರಳಿಗೆ ಅದು ಬಿದ್ದಿರಲಿಕ್ಕಿಲ್ಲ. ತೂಕ ನೋಡಿದರು, ಸೊಂಟದ ಸುತ್ತಳತೆ ನೋಡಿದರು, ರಕ್ತ ಕಳಿಸಿದರು. ಸಕ್ಕರೆಯೂ ಏರುವ ದಾರಿಯಲ್ಲಿತ್ತು.

ಮೇಡಂ, ಸೆಪ್ಟೆಂಬರಿಗೆ ಮಂಡಳಿ ಇದೆ ಎಂದೆ. ಅವರಿಗೆ ಗೊತ್ತಿತ್ತು. ಕೈ ತೊಳೆಯುತ್ತಾ, "ಕಂಡದ್ದನ್ನು ಬರೆಯದೆ ಇರಲಾರೆ, ರೇಣುಕಾ. ನನ್ನ ಜಾಗದಲ್ಲಿ ನೀನಿದ್ದರೂ ಇದನ್ನೇ ಬರೆಯುತ್ತಿದ್ದೆ" ಎಂದರು. ಹೌದು ಮೇಡಂ ಎಂದೆ. ಇನ್ನೇನು ಹೇಳಲಿ? ನಿಜವೇ ಆಗಿತ್ತು. ಆರು ತಿಂಗಳ ಮಟ್ಟಿಗೆ ನನ್ನನ್ನು ಕೆಳಗಿನ ದರ್ಜೆಗೆ ಹಾಕಿದರು. ಆರು ತಿಂಗಳಾದ ಮೇಲೆ ಮತ್ತೆ ನೋಡುತ್ತಾರೆ, ತೂಕ ಇಳಿದಿದ್ದರೆ ಮೇಲಿನ ದರ್ಜೆಗೆ ತರುತ್ತಾರೆ. ಅಷ್ಟರಲ್ಲಿ ಸೆಪ್ಟೆಂಬರ್ ಬಂದು ಹೋಗಿರುತ್ತದೆ. ಮಂಡಳಿಗೆ ಹೋಗುವ ಹೆಸರುಗಳಿಂದ ನನ್ನದು ಅದೇ ವಾರ ಬಿತ್ತು. ಯಾರನ್ನು ಬೈಯಲಿ ಎಂದು ಹುಡುಕಿದೆ. ಮೇಟ್ರನ್ ನನ್ನ ಒಳ್ಳೆಯದಕ್ಕೇ ಮಾಡಿದ್ದರು. ಡಾಕ್ಟರು ಧರ್ಮವಾಗಿ ಬರೆದಿದ್ದರು. ಗಂಡ ನನ್ನ ನೈಟ್ ಡ್ಯೂಟಿ ತಪ್ಪಿಸಲು ಹೋಗಿದ್ದ. ಅತ್ತೆ ತುಪ್ಪ ಬಡಿಸಿದ್ದಳು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಅಷ್ಟು ಅಸಹಾಯಕಳಾಗುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ.

ಸಂಜೆ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕಾಲುವೆಯ ನೀರಿನ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ನಾ ತಿಳಿಸಿದ್ದು ತಪ್ಪಾತೇನು?" ಎಂದ.

ಆ ದನಿಗೆ ನಾನು ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ಕುಬಸ ಬರುವ ಸೋಮವಾರಕ್ಕೆ ಇಟ್ಟಾಗಿದೆ, ಓಣಿಗೆಲ್ಲ ಹೇಳಿಯಾಗಿದೆ, ಅವ್ವನಿಗೆ ಹೇಳುವ ಧೈರ್ಯ ತನಗಿಲ್ಲ ಎಂದ. ಮೇಟ್ರನ್ ಕುಬಸಕ್ಕೆಂದು ಮಂಜೂರು ಮಾಡಿದ್ದ ರಜೆಯನ್ನು ವಾಪಸ್ ಪಡೆದಿರಲಿಲ್ಲ. ಇನ್ನೊಂದು ವಾರ ಸೇರಿಸಿ, ಹೋಗಿ ಬಾ ಎಂದರು.

ಯಾದಗಿರಿಯಲ್ಲಿ ರೈಲು ಇಳಿದು ಶಹಾಪುರದ ಬಸ್ಸು, ಅಲ್ಲಿಂದ ಸುರಪುರ, ಅಲ್ಲಿಂದ ಹುಣಸಗಿ. ಕಾಲುವೆ ತುಂಬಿ ಹರಿಯುತ್ತಿತ್ತು. ಎರಡೂ ಬದಿಗೆ ಹೆಂಗಸರು ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ನಾಟುತ್ತಿದ್ದರು. ದಾರಿಯಲ್ಲಿ ತವರಿಗೆ ಇಳಿಯಲಿಲ್ಲ. ಇಳಿದಿದ್ದರೆ ಅದೇ ಮಾತನ್ನು ಎರಡು ಸಲ ಹೇಳಬೇಕಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಮನೆ ಮುಟ್ಟಿದೆ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ರೊಟ್ಟಿಯ ಚೂರು ನಿವಾಳಿಸಿ ಎಸೆದು, ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಂಡಳು. ಪಡಸಾಲೆಗೆ ಸುಣ್ಣ ಬಳಿದಿದ್ದಳು. ದೇವಿಂದ್ರ ಕಾಲುವೆಯ ಮೇಲಿದ್ದ, ಬೇಕೆಂದೇ ಹೋಗಿದ್ದ. ನಾನು ಕೈಚೀಲ ಇಳಿಸುವ ಮೊದಲೇ ಹೇಳಿಬಿಟ್ಟೆ. ತಡ ಮಾಡಿದ್ದರೆ ನನ್ನ ಬಾಯಿ ಏಳುತ್ತಿರಲಿಲ್ಲ.

ಅತ್ತೆ ಅಳಲಿಲ್ಲ. ನಂಬಲೂ ಇಲ್ಲ. ನನ್ನೆದುರು ನೆಲದ ಮೇಲೆ ಕೂತು ಕೇಳಿದಳು.

"ಮತ್ತ ನೀ ಹೊರಗ ಯಾಕ ಕುಂದ್ರಲಿಲ್ಲ?"

"ಆಗಿದ್ದಿಲ್ರಿ ಅತ್ತಿ."

"ಎರಡ ತಿಂಗಳ ಮನ್ಯಾಗ ಇದ್ದಿ."

"ಹೌದ್ರಿ. ನನಗ ಒಮ್ಮೊಮ್ಮೆ ಆರು ತಿಂಗಳಾದ್ರೂ ಆಗಂಗಿಲ್ರಿ."

"ಬಸಿರಿಲ್ದ?"

"ಬಸಿರಿಲ್ದ."

ಅವಳ ಇಡೀ ಆಯುಷ್ಯದಲ್ಲಿ ಹಾಗೆ ಇರಲಿಕ್ಕೆ ಸಾಧ್ಯ ಎಂದು ಯಾರೂ ಹೇಳಿರಲಿಲ್ಲ. ತಟ್ಟು ಬೀಳದ ಮನೆಯಲ್ಲಿ ತೊಟ್ಟಿಲು ಕಟ್ಟುವುದನ್ನೇ ಅವಳು ಕಂಡಿದ್ದಳು. ನಾನು ಡಾಕ್ಟರು ತೋರಿಸಿದ್ದನ್ನು ನೆಲದ ಮೇಲೆ ಬೆರಳಿನಿಂದ ಬರೆದು ವಿವರಿಸಿದೆ. ವಾರ್ಡಿನಲ್ಲಿ ಎಷ್ಟೋ ಜನರಿಗೆ ವಿವರಿಸುತ್ತಿದ್ದ ಹಾಗೆಯೇ, ಮೆಲ್ಲಗೆ, ಸುಲಭದ ಮಾತಿನಲ್ಲಿ. ಪೂರ್ತಿ ಕೇಳಿ ಅತ್ತೆ ಅಂದಳು:

"ಮಂದಿಗೆಲ್ಲ ಗುಳಿಗಿ ಕೊಡ್ತಿ. ನಿನಗ ನೀ ಕೊಟ್ಕೊಳ್ಳಾಕ ಬರಂಗಿಲ್ಲೇನವ್ವ?"

ಅದು ಚುಚ್ಚುಮಾತಲ್ಲ, ನಿಜವಾದ ಪ್ರಶ್ನೆ. ಆಗ ನನಗೆ ಅಳು ಬಂತು. ನೌಕರಿಯ ವಿಷಯ ಹೇಳಿದ್ದು ಆಮೇಲೆಯೇ. ಮಂಡಳಿ, ದರ್ಜೆ, ತೂಕ ಇವೆಲ್ಲ ಅವಳಿಗೆ ಎಷ್ಟು ತಿಳಿಯಿತೋ ಕಾಣೆ. ಮರುವರ್ಷ ಮನೆಗೆ ಬಂದುಬಿಡುತ್ತೇನೆ ಎನ್ನುವುದು ತಿಳಿಯಿತು. ತೂಕ ಇಳಿಸಲೆಂದೇ ಓಡುತ್ತಿದ್ದೆ ಎನ್ನುವುದೂ ತಿಳಿಯಿತು. ಅದನ್ನು ಕೇಳಿದ ಮೇಲೆ ಎದ್ದು ಅಡಿಗೆ ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಸುಣ್ಣ ಬಳಿದ ಪಡಸಾಲೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿತ್ತು. ಪಕ್ಕದಲ್ಲಿ ಬೇರೆ ತಾಟು, ಬೇರೆ ಚೆಂಬು.

"ಕುಂದ್ರು" ಎಂದಳು ಅತ್ತೆ.

ನಾನು ಆಗಿಲ್ಲ ಎಂದೆ.

"ನನಗ ಗೊತ್ತದ. ಓಣ್ಯಾಗಿನವ್ರಿಗೆ ನಾ ಏನಂತ ಹೇಳ್ಲಿ? ಹೊಟ್ಟ್ಯಾಗ ಏನೂ ಇದ್ದಿದ್ದೇ ಇಲ್ಲ ಅಂದ್ರ ನಿನ್ನ ಆಡ್ಕೋತಾರ. ಇತ್ತು, ಹೋತು ಅಂದ್ರ ಅಳ್ತಾರ. ಅಳ್ಳಿ."

ಭುಜದ ಮೇಲೆ ಮೂರು ನಕ್ಷತ್ರ ಇದ್ದವಳು, ಈ ಪದ್ಧತಿ ಬಿಡಿ ಎಂದು ಜವಾನರ ಹೆಂಡಂದಿರಿಗೆ ಭಾಷಣ ಮಾಡಿದವಳು, ಬಾರದ ಮುಟ್ಟಿಗೆ ಹೊರಗೆ ಕೂತೆ. ಕೂರುವುದಿಲ್ಲ ಎನ್ನಬಹುದಿತ್ತು. ಆದರೆ ಅವಳ ಬಳಿ ಇದ್ದದ್ದು ಅದೊಂದೇ ಉಪಾಯ. ಅದನ್ನೂ ಕಿತ್ತುಕೊಂಡರೆ ಆ ದಿನ ಅವಳು ಓಣಿಯವರ ಮುಂದೆ ನಿಲ್ಲುವುದು ಹೇಗೆ?

ದೇವಿಂದ್ರ ನಸುಕಿನಲ್ಲೇ ನನ್ನ ತವರಿಗೆ ಫೋನ್ ಮಾಡಿ ಬರಬೇಡಿ ಎಂದಿದ್ದ. ಓಣಿಯವರಿಗೆ ಫೋನ್ ಮಾಡುವ ಪದ್ಧತಿ ಇರಲಿಲ್ಲ. ಹೊತ್ತೇರಿದ ಹಾಗೆ ಒಬ್ಬೊಬ್ಬರಾಗಿ ಬಂದರು. ತಲೆಗೆ ಹೂವು, ಕೈಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು. ಹೊಸ್ತಿಲಿಗೆ ಬಂದು ಮೂಲೆಯಲ್ಲಿ ಕೂತ ನನ್ನನ್ನು ಕಂಡು ಹಾಗೇ ನಿಲ್ಲುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಅತ್ತೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಹಸಿರು ಬಳೆ ತಂದ ಬಳೆಗಾರ್ತಿ ಬುಟ್ಟಿ ಇಳಿಸದೆ ಮರಳಿದಳು. ಎದುರು ಮನೆಯ ಮುದುಕಿ ಮಾತ್ರ ಅಂಗಳದಲ್ಲೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಮತ್ತ ಆಗ್ತದ ಬಿಡವ್ವ. ವಯಸ್ಸದ ನಿನಗ" ಎಂದಳು. ನಾನು ತಲೆಯಾಡಿಸಿದೆ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಅವರು ಎಂದೂ ಇರದಿದ್ದ ಕೂಸಿಗಾಗಿ ಅಳುತ್ತಿದ್ದರು, ನಾನು ಮರುವರ್ಷ ಬಿಚ್ಚಿಡಬೇಕಾದ ಸಮವಸ್ತ್ರಕ್ಕಾಗಿ ಅಳುತ್ತಿದ್ದೆ. ಅದನ್ನು ಹೇಳಿದ್ದರೆ ಅವರಲ್ಲಿ ಯಾರೂ ಅತ್ತಿರಲಿಕ್ಕಿಲ್ಲ. ಹಾಗಾಗಿ ಸಿಕ್ಕಿದ ಕಣ್ಣೀರನ್ನೇ ನನ್ನದೆಂದು ಇಟ್ಟುಕೊಂಡೆ.

ಮೂರು ದಿನ ಆ ತಟ್ಟಿನ ಮೇಲೆ ಕಳೆದೆ. ಅತ್ತೆ ದೂರದಿಂದ ರೊಟ್ಟಿ ಹಾಕುತ್ತಿದ್ದಳು, ಮೇಲಿಂದ ನೀರು ಎರೆಯುತ್ತಿದ್ದಳು, ಎಲ್ಲ ಕ್ರಮದ ಪ್ರಕಾರವೇ. ಅವಳಿಗೂ ಗೊತ್ತು, ನನಗೂ ಗೊತ್ತು. ತಾಟಿಗೆ ತುಪ್ಪ ಮಾತ್ರ ಬೀಳಲಿಲ್ಲ.

ಸೆಪ್ಟೆಂಬರಿನಲ್ಲಿ ಮಂಡಳಿ ಕೂತು ಎದ್ದಿತು. ಆರು ತಿಂಗಳ ನಂತರದ ತಪಾಸಣೆಯಲ್ಲಿ ನನ್ನ ತೂಕ ಇಳಿದಿತ್ತು, ಗೆರೆಯ ತನಕ ಅಲ್ಲ. 2011ರಲ್ಲಿ ನನ್ನ ಅವಧಿ ಮುಗಿಯಿತು. ಆಮೇಲೆ ಶಹಾಪುರದಲ್ಲಿ ಒಂದು ಆಸ್ಪತ್ರೆಗೆ ಸೇರಿದೆ, ಈಗಲೂ ಅಲ್ಲಿಯೇ ಇದ್ದೇನೆ. ಮಕ್ಕಳಾದವೇ ಎಂದು ಓದುಗರು ಕೇಳುತ್ತಾರೆ, ಗೊತ್ತು. ಎಲ್ಲರೂ ಅದನ್ನೇ ಕೇಳುತ್ತಾರೆ. ಸಮವಸ್ತ್ರ ಬಿಟ್ಟದ್ದು ಹೇಗಾಯಿತು ಎಂದು ಇಲ್ಲಿಯ ತನಕ ಒಬ್ಬರೂ ಕೇಳಿಲ್ಲ, ಅದಕ್ಕೇ ಇದನ್ನು ಬರೆದೆ.

ನಮ್ಮ ಆಸ್ಪತ್ರೆಗೆ ಈಗ ಇಂಥ ಹುಡುಗಿಯರು ಬಹಳ ಬರುತ್ತಾರೆ. ಜೊತೆಗೆ ಅತ್ತೆಯೋ ಅವ್ವನೋ ಇರುತ್ತಾರೆ. ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು ಹುಡುಗಿಯನ್ನು ಕೇಳಿದರೆ ಉತ್ತರ ಬರುವುದು ಪಕ್ಕದವರಿಂದ. ನಾನು ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದು, ಹುಡುಗಿಯ ಎದುರು ಸ್ಟೂಲು ಎಳೆದುಕೊಂಡು, ನೀ ಹೇಳವ್ವ ಎನ್ನುತ್ತೇನೆ. ಅವಳು ಹೇಳುವ ತನಕ ಸುಮ್ಮನೆ ಕೂರುತ್ತೇನೆ. ಒಮ್ಮೊಮ್ಮೆ ಬಹಳ ಹೊತ್ತಾಗುತ್ತದೆ, ಹೊರಗೆ ಸಾಲು ಬೆಳೆಯುತ್ತದೆ, ಡಾಕ್ಟರು ಗೊಣಗುತ್ತಾರೆ. ಮೈ ಯಾರದೋ ಅವರನ್ನೇ ಮೊದಲು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಕೇಳಿದ ಮಾತ್ರಕ್ಕೆ ವಾಸಿಯಾಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಒಂದು ಮಾತು ಉಳಿಯಿತು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ನಾನು ಒಳಗೆ ಬಂದಾಗ ಹೊಸ್ತಿಲ ಹತ್ತಿರ ನನ್ನ ಬೂಟುಗಳಿದ್ದವು. ಜೋಳದ ಚೀಲಗಳ ಹಿಂದೆ ಇದ್ದು ಧೂಳು ಹಿಡಿದಿದ್ದವು. ಅತ್ತೆ ಸೆರಗಿನಿಂದ ಒರೆಸುತ್ತಾ ಕೂತಿದ್ದಳು. ನನ್ನ ಮುಖ ನೋಡದೆ ಕೇಳಿದಳು.

"ನಾನ ಮುಚ್ಚಿಟ್ಟಿದ್ದೆ. ಓಡಿದ್ದರ ತೂಕ ಇಳೀತಿತ್ತೇನು?"

ಏನೋ ರಿ, ಗೊತ್ತಿಲ್ಲ ಎಂದೆ. ಅವಳು ಒರೆಸುವುದನ್ನು ನಿಲ್ಲಿಸಿ ಮತ್ತೆ ಕೇಳಿದಳು.

"ಇಳೀತಿತ್ತೇನು, ರೇಣವ್ವ?"

"ಇಲ್ರಿ ಅತ್ತಿ. ಓಡಿದ್ರೂ ಇಳೀತಿದ್ದಿಲ್ಲ."

ಅವಳು ತಲೆಯಾಡಿಸಿ, ಬೂಟುಗಳನ್ನು ನನ್ನ ಕಡೆ ಸರಿಸಿದಳು.